ಫೀಲ್ಡಿನ ಹೊರಗೆ ಬಿದ್ದ ಡೋಸ್

ರೇಡಿಯೋಥೆರಪಿ ಎಂದರೆ ನಮ್ಮಲ್ಲಿ ಕ್ಯಾನ್ಸರ್ ಎಂದೇ ಲೆಕ್ಕ. ‘ಕರೆಂಟ್ ಕೊಡಿಸ್ತಿದಾರಂತೆ’ ಅಂದರೆ ಸಾಕು, ಕೇಳಿದವರ ಮುಖ ಬಾಡುತ್ತದೆ. ಆದರೆ ನಮ್ಮ ವಿಭಾಗದ ಪಟ್ಟಿಯಲ್ಲಿ ಕ್ಯಾನ್ಸರ್ ಇಲ್ಲದವರೂ ಇರುತ್ತಾರೆ. ಸೊಂಟದ ಕೀಲಿನ ಆಪರೇಷನ್ ಆದ ಮೇಲೆ ಸ್ನಾಯುವಿನೊಳಗೆ ಮೂಳೆ ಬೆಳೆಯದಿರಲಿ ಎಂದು ಬಂದವರು, ಕೊಯ್ದು ತೆಗೆದ ಕೀಲಾಯ್ಡ್ ಮತ್ತೆ ಉಬ್ಬದಿರಲಿ ಎಂದು ಬಂದವರು, ಹಿಮ್ಮಡಿ ನೋವಿಗೆ ಮಾತ್ರೆ, ಇಂಜೆಕ್ಷನ್, ಎಂಸಿಆರ್ ಚಪ್ಪಲಿ ಎಲ್ಲ ಮುಗಿಸಿ ಬಂದವರು, ಬೆನ್ನುಮೂಳೆಯಲ್ಲಿ ಹೆಮಾಂಜಿಯೋಮ (ರಕ್ತನಾಳಗಳ ಗಂಟು) ಇದ್ದವರು. ಜರ್ಮನಿಯಲ್ಲಿ ಇಂಥ ಚಿಕಿತ್ಸೆ ದಿನನಿತ್ಯದ್ದು. ನಮ್ಮಲ್ಲಿ ಅಪರೂಪ, ಆದರೂ ಇದೆ.

ನಾನು ಮೆಡಿಕಲ್ ಫಿಸಿಸಿಸ್ಟ್. ಕಿರಣ ಎಲ್ಲಿ, ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕುವವನು. ಈ ರೋಗಿಗಳಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ: ಬೀಳಬಾರದ ಕಡೆ, ಅದರಲ್ಲೂ ವೃಷಣ ಮತ್ತು ಅಂಡಾಶಯಗಳ ಮೇಲೆ, ಎಷ್ಟು ಬಿತ್ತು ಎನ್ನುವುದೇ ಮುಖ್ಯ ಪ್ರಶ್ನೆ. ವಿಭಾಗಕ್ಕೆ ಹೊಸದಾಗಿ ಸೇರುವವರಿಗೆ ನಾನು ಹೇಳುವ ಮಾತುಗಳನ್ನು ಹೇಳುವ ಕ್ರಮದಲ್ಲೇ ಬರೆದಿದ್ದೇನೆ.

1. ಕ್ಯಾನ್ಸರಿನ ಲೆಕ್ಕವನ್ನು ಇಲ್ಲಿಗೆ ತರಬೇಡಿ

ಗುದನಾಳದ ಕ್ಯಾನ್ಸರಿಗೆ 50 ಗ್ರೇ ಕೊಡುವಾಗ ವೃಷಣಕ್ಕೆ ಒಂದಿಷ್ಟು ತಗುಲಿತು ಅಂದರೆ ಯಾರೂ ಚಿಕಿತ್ಸೆ ನಿಲ್ಲಿಸುವುದಿಲ್ಲ. ಅಲ್ಲಿ ಜೀವದ ಪ್ರಶ್ನೆ. ಇಲ್ಲಿ ಬಂದಿರುವುದು ನೋವಿಗೆ, ಕಲೆಗೆ, ಕೀಲು ಬಿಗಿಯುವ ಭಯಕ್ಕೆ. ಬಂದವರಲ್ಲಿ ಹಲವರು ಇಪ್ಪತ್ತು ಮೂವತ್ತರ ಹರೆಯದವರು. ಬೈಕಿನಿಂದ ಬಿದ್ದು ಸೊಂಟದ ಬಟ್ಟಲು ಮುರಿದ ಹುಡುಗರು, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಿಂದ ಸಣ್ಣ ವಯಸ್ಸಿಗೇ ಎರಡೂ ಸೊಂಟ ಬದಲಿಸಿಕೊಳ್ಳಬೇಕಾದವರು. ಇವರ ಮುಂದೆ ಐವತ್ತು ವರ್ಷದ ಬದುಕಿದೆ, ಮದುವೆ ಮಕ್ಕಳು ಇನ್ನೂ ಬಾಕಿ ಇವೆ.

ಈ ಎಚ್ಚರ ಹೊಸದಲ್ಲ. 1935ರಿಂದ 1954ರವರೆಗೆ ಬ್ರಿಟನ್ನಿನಲ್ಲಿ ಇದೇ ಸ್ಪಾಂಡಿಲೈಟಿಸ್‌ಗೆ ಬೆನ್ನಿಗೆ ಎಕ್ಸ್-ರೇ ಕೊಡುತ್ತಿದ್ದರು. ನೋವು ಇಳಿಯುತ್ತಿತ್ತು, ಜನ ಸಂತೋಷದಿಂದ ಮನೆಗೆ ಹೋಗುತ್ತಿದ್ದರು. ಅಂಥ 13,000ಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು ಕೋರ್ಟ್ ಬ್ರೌನ್ ಮತ್ತು ರಿಚರ್ಡ್ ಡಾಲ್ ಹುಡುಕಿ ತೆಗೆದು 1957ರಲ್ಲಿ ವರದಿ ಬರೆದರು. ಅವರಲ್ಲಿ ಲ್ಯುಕೀಮಿಯಾ ನಿರೀಕ್ಷೆಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಅದು ರಕ್ತದ ಕ್ಯಾನ್ಸರಿನ ಕತೆ, ಸಂತಾನದ್ದಲ್ಲ ನಿಜ. ಆದರೆ ಕ್ಯಾನ್ಸರ್ ಅಲ್ಲದ ಕಾಯಿಲೆಗೆ ಕಿರಣ ಕೊಡುವವರೆಲ್ಲ ಓದಿಕೊಳ್ಳಬೇಕಾದ ವರದಿ ಅದು.

2. ದೂರ ಮೊದಲು, ಮೀಟರ್ ಆಮೇಲೆ

ಫೀಲ್ಡಿನ, ಅಂದರೆ ಕಿರಣ ಬೀಳಬೇಕಾದ ಜಾಗದ, ಹೊರಗೆ ಡೋಸ್ ಬರುವುದು ಮೂರು ದಾರಿಯಿಂದ. ಯಂತ್ರದ ತಲೆಯಿಂದ ಸೋರುವುದು, ಕಾಲಿಮೇಟರಿಗೆ ತಾಗಿ ಚದುರುವುದು, ರೋಗಿಯ ಮೈಯೊಳಗೇ ಚದುರುವುದು. ಫೀಲ್ಡಿನ ಅಂಚಿಗೆ ಹತ್ತಿರ ಇದ್ದಾಗ ಮೂರನೆಯದೇ ದೊಡ್ಡದು. ದೂರ ಹೋದ ಹಾಗೆ ಮೈಯೊಳಗಿನ ಚದುರುವಿಕೆ ಕರಗಿ, ಕೊನೆಗೆ ತಲೆಯ ಸೋರಿಕೆ ಉಳಿಯುತ್ತದೆ. ಆ ಸೋರಿಕೆಗೆ ಮಿತಿ ಇದೆ: ಸರಾಸರಿ ಮುಖ್ಯ ಕಿರಣದ 0.1 ಶೇಕಡಾ, ಎಲ್ಲೇ ಆಗಲಿ 0.2ಕ್ಕೆ ಮೀರಬಾರದು.

ಬಾಯಲ್ಲಿ ಇರಬೇಕಾದ ಅಂದಾಜು ಇಷ್ಟು. ಲಿನಾಕ್ ಯಂತ್ರದ 6 ಎಂವಿ ಕಿರಣ, 10×10 ಸೆಂ.ಮೀ. ಫೀಲ್ಡ್ ಆದರೆ ಅಂಚಿನಿಂದ 5 ಸೆಂ.ಮೀ. ಆಚೆ ಸುಮಾರು 2 ಶೇಕಡಾ, 10 ಸೆಂ.ಮೀ. ಆಚೆ ಸುಮಾರು 1, 30 ಸೆಂ.ಮೀ. ಆಚೆ ಸುಮಾರು 0.1. ಫೀಲ್ಡ್ ದೊಡ್ಡದಾದರೆ ಇವೂ ಏರುತ್ತವೆ. ಈಗ ಹಿಮ್ಮಡಿಯನ್ನು ತೆಗೆದುಕೊಳ್ಳಿ: ಒಟ್ಟು 3 ಗ್ರೇ, ವೃಷಣ ಅಲ್ಲಿಂದ ಮುಕ್ಕಾಲು ಮೀಟರ್ ದೂರ. ಸಿಗುವುದು ಒಂದೆರಡು ಮಿಲಿಗ್ರೇ, ಹೆಚ್ಚೆಂದರೆ ಮೂರು. ಸೊಂಟಕ್ಕೆ ಬನ್ನಿ: ಒಂದೇ ಸಲಕ್ಕೆ 7 ಗ್ರೇ, ವೃಷಣ ಅಂಚಿನಿಂದ 5 ಸೆಂ.ಮೀ. ಇದ್ದರೆ 140 ಮಿಲಿಗ್ರೇ. ಎರಡನ್ನೂ ‘ಬಿನೈನ್ ಕೇಸ್’ ಎಂದು ಒಂದೇ ಕಡತದಲ್ಲಿ ಕಟ್ಟಿಡುವುದು ತಪ್ಪು. ಮೊದಲನೆಯದಕ್ಕೆ ಒಮ್ಮೆ, ರೋಗಿಯ ಮೈಯ ಬದಲಿಗೆ ಇಡುವ ಫ್ಯಾಂಟಮ್‌ನಲ್ಲಿ ಅಳೆದು ಇಟ್ಟುಕೊಂಡರೆ ಆಯಿತು. ಎರಡನೆಯದಕ್ಕೆ ರೋಗಿಯ ಮೈಮೇಲೇ ಅಳೆಯಬೇಕು.

ಕೋಬಾಲ್ಟ್ ಯಂತ್ರ ಇರುವ ಕಡೆ ಈ ಅಂದಾಜು ನಡೆಯುವುದಿಲ್ಲ. ಬಿಎಆರ್‌ಸಿ ರೂಪಿಸಿ ಬೆಂಗಳೂರಿನಲ್ಲೇ ತಯಾರಾಗುವ ಭಾಭಾಟ್ರಾನ್ ನಮ್ಮ ದೇಶದ ಎಷ್ಟೋ ಊರುಗಳಲ್ಲಿ ದುಡಿಯುತ್ತಿದೆ. ಯಾವ ಕೋಬಾಲ್ಟ್ ಯಂತ್ರವೇ ಆಗಲಿ, ಮೂಲದ ವ್ಯಾಸ ಒಂದೂವರೆ ಎರಡು ಸೆಂಟಿಮೀಟರ್ ಇರುವುದರಿಂದ ಫೀಲ್ಡಿನ ಅಂಚು ಚೂಪಾಗಿರದೆ ಹರಡಿಕೊಂಡಿರುತ್ತದೆ. ಅಲ್ಲಿ ಲಿನಾಕ್‌ನ ಕೋಷ್ಟಕ ಎತ್ತಿಕೊಳ್ಳದೆ ಆ ಯಂತ್ರದಲ್ಲೇ ಅಳೆದ ಅಂಕಿ ಬಳಸಬೇಕು.

3. ಅಳತೆ ರೋಗಿ ಬರುವ ಮುಂಚೆಯೇ ಮುಗಿದಿರಲಿ

ಸೊಂಟದ ರೋಗಿಗೆ ಸಮಯವೇ ಇರುವುದಿಲ್ಲ. ಆಪರೇಷನ್ನಿಗೆ ಕೆಲವೇ ಗಂಟೆ ಮುಂಚೆ, ಇಲ್ಲವೇ ಆದ 72 ಗಂಟೆಯೊಳಗೆ ಕಿರಣ ಕೊಡಬೇಕು. ಆಮೇಲೆ ಕೊಟ್ಟರೆ ಫಲ ಕಡಿಮೆ. ಮೂಳೆಯ ಡಾಕ್ಟರು ಫೋನ್ ಮಾಡುವುದು ಸಾಮಾನ್ಯವಾಗಿ ಮೂರನೆಯ ದಿನ ಮಧ್ಯಾಹ್ನ. ಆಗ ಟಿಎಲ್‌ಡಿ ಚಿಪ್ಪು (ಡೋಸ್ ಅಳೆಯುವ ಪುಟ್ಟ ಹರಳು) ಹುಡುಕುತ್ತ ಕೂತರೆ ಮುಗಿಯಿತು. ಒಂದೇ ಸಿಟ್ಟಿಂಗ್ ಬೇರೆ. ಕ್ಯಾನ್ಸರಿನಲ್ಲಾದರೆ ಮೊದಲ ದಿನ ಅಳೆದು, ಹೆಚ್ಚು ಬಂದರೆ ಎರಡನೆಯ ದಿನ ಸರಿಪಡಿಸಬಹುದು. ಇಲ್ಲಿ ಎರಡನೆಯ ದಿನ ಇಲ್ಲ. ಚಿಪ್ಪು ಓದುವ ಹೊತ್ತಿಗೆ 7 ಗ್ರೇ ಕೊಟ್ಟಾಗಿರುತ್ತದೆ. ಆ ಅಂಕಿಯಿಂದ ಆ ರೋಗಿಗೆ ತಿಳಿವಳಿಕೆ ಸಿಕ್ಕೀತು, ರಕ್ಷಣೆ ಸಿಗದು.

ಅದಕ್ಕೇ ಬಿಡುವಿನ ದಿನ ಫ್ಯಾಂಟಮ್ ಜೊತೆ ಕೂರಬೇಕು. ನಿಜವಾದ ಅಸ್ಥಿಪಂಜರವನ್ನು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿ 2.5 ಸೆಂ.ಮೀ. ದಪ್ಪದ ಹೋಳುಗಳಾಗಿ ಮಾಡಿದ ಆಲ್ಡರ್ಸನ್ ರ‍್ಯಾಂಡೊ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನೀರಿಗೆ ಸಮನಾದ ಹಲಗೆಗಳನ್ನು ಜೋಡಿಸಿ, ತೊಡೆಗಳ ನಡುವಿನ ಜಾಗಕ್ಕೆ ಮೇಣದ ಗುಂಡು ಇಟ್ಟರೂ ಕೆಲಸ ನಡೆಯುತ್ತದೆ. ನಿಮ್ಮ ಯಂತ್ರದ, ನೀವು ನಿಜವಾಗಿ ಬಳಸುವ ಫೀಲ್ಡಿಗೆ, ಅಂಚಿನಿಂದ 3, 5, 8, 12 ಸೆಂ.ಮೀ. ದೂರದಲ್ಲಿ, ಸೀಸ ಇಟ್ಟು ಮತ್ತು ಇಡದೆ ಅಳೆದು ಒಂದು ಪುಟದ ಕೋಷ್ಟಕ ಮಾಡಿ ಕನ್ಸೋಲ್ ಹತ್ತಿರ ಅಂಟಿಸಿ. ಫೋನ್ ಬಂದಾಗ ಹತ್ತು ನಿಮಿಷದಲ್ಲಿ ಡಾಕ್ಟರಿಗೂ ರೋಗಿಗೂ ಅಂದಾಜು ಹೇಳಬಹುದು.

‘ಪ್ಲಾನಿಂಗ್ ಕಂಪ್ಯೂಟರ್ ಇದೆಯಲ್ಲ, ಅದರಲ್ಲೇ ವೃಷಣ ಗುರುತು ಹಾಕಿ ನೋಡಿದರಾಯಿತು’ ಎಂದು ಪ್ರತಿ ಬ್ಯಾಚಿನಲ್ಲಿ ಒಬ್ಬರಾದರೂ ಹೇಳುತ್ತಾರೆ. ಆ ಸಾಫ್ಟ್‌ವೇರ್ ಬರೆದದ್ದು ಫೀಲ್ಡಿನ ಒಳಗಿನ ಡೋಸ್ ನಿಖರವಾಗಿ ಹೇಳಲು. ಅಂಚಿನಿಂದ ಕೆಲವು ಸೆಂಟಿಮೀಟರ್ ದಾಟಿದರೆ ಅದು ಕೊಡುವ ಅಂಕಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ಇರುತ್ತದೆ, ಕೆಲವೊಮ್ಮೆ ಬಹಳ ಕಡಿಮೆ. ಪರದೆಯ ಮೇಲೆ ಸೊನ್ನೆ ಕಂಡರೆ ಮೈಮೇಲೆ ಸೊನ್ನೆ ಎಂದು ತಿಳಿಯಬೇಡಿ. ಅಮೆರಿಕದ ಮೆಡಿಕಲ್ ಫಿಸಿಸಿಸ್ಟರ ಸಂಘ ಗರ್ಭಸ್ಥ ಶಿಶುವಿನ ಡೋಸ್ ಬಗ್ಗೆ 1995ರಲ್ಲಿ, ಫೀಲ್ಡಿನ ಹೊರಗಿನ ಡೋಸ್ ಬಗ್ಗೆ 2017ರಲ್ಲಿ ಕೊಟ್ಟ ಎರಡು ವರದಿಗಳು ನನ್ನ ಮೇಜಿನ ಮೇಲೆ ಸದಾ ಇರುತ್ತವೆ. ಮೊದಲನೆಯದನ್ನು ಗರ್ಭಿಣಿಯರಿಗಷ್ಟೇ ಎಂದುಕೊಂಡು ಪಕ್ಕಕ್ಕಿಡುವವರಿದ್ದಾರೆ. ಅದರ ಕೋಷ್ಟಕಗಳು ಅಂಡಾಶಯಕ್ಕೂ ಅಷ್ಟೇ ಉಪಯೋಗ.

4. ಚಿಪ್ಪು ಸಣ್ಣದು, ಹಟ ದೊಡ್ಡದು

ಮೂರು ಮಿಲಿಮೀಟರ್ ಚೌಕದ ಲಿಥಿಯಂ ಫ್ಲೋರೈಡ್ ಚಿಪ್ಪು ಈ ಕೆಲಸಕ್ಕೆ ನನ್ನ ಮೊದಲ ಆಯ್ಕೆ. ಬಳಸುವ ಮುಂಚೆ 400 ಡಿಗ್ರಿಯಲ್ಲಿ ಒಂದು ಗಂಟೆ, 100 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಬೇಕು. ಕೈಯಲ್ಲಿ ಮುಟ್ಟಬಾರದು, ಪ್ರತಿ ಚಿಪ್ಪಿಗೂ ಅದರದೇ ಸಂವೇದನೆಯ ಅಂಶ ಇಟ್ಟುಕೊಳ್ಳಬೇಕು, ಕಿರಣ ಬೀಳದ ಎರಡು ಮೂರು ಚಿಪ್ಪುಗಳನ್ನು ಹಿನ್ನೆಲೆಗೆಂದು ಪಕ್ಕದ ಕೋಣೆಯಲ್ಲಿ ಇಡಬೇಕು. ಇವೆಲ್ಲ ಪುಸ್ತಕದಲ್ಲಿವೆ.

ಪುಸ್ತಕ ಒತ್ತಿ ಹೇಳದ್ದು ಎರಡು. ಒಂದು, ಚದುರಿ ಬರುವ ಕಿರಣದ ಶಕ್ತಿ ಮೂಲ ಕಿರಣಕ್ಕಿಂತ ಬಹಳ ಕಡಿಮೆ. ಕಡಿಮೆ ಶಕ್ತಿಯ ಕಿರಣಕ್ಕೆ ಕೆಲವು ವಸ್ತುಗಳು ಅತಿಯಾಗಿ ಸ್ಪಂದಿಸುತ್ತವೆ. ನಾವು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜಿನೊಳಗೆ ಇರುವುದು ಡಿಸ್ಪ್ರೋಸಿಯಂ ಸೇರಿಸಿದ ಕ್ಯಾಲ್ಸಿಯಂ ಸಲ್ಫೇಟ್. 30 ಕೆಇವಿ ಆಸುಪಾಸಿನಲ್ಲಿ ಅದು ಸುಮಾರು ಹತ್ತು ಪಟ್ಟು ಹೆಚ್ಚು ತೋರಿಸುತ್ತದೆ. ಬ್ಯಾಡ್ಜಿನಲ್ಲಿ ಅದಕ್ಕೆಂದೇ ಫಿಲ್ಟರುಗಳಿವೆ. ಬರೀ ಡಿಸ್ಕನ್ನು ತೆಗೆದು ರೋಗಿಯ ಮೇಲಿಟ್ಟರೆ ಫಿಲ್ಟರಿಲ್ಲದ ಸುಳ್ಳು ಸಿಗುತ್ತದೆ. ಲಿಥಿಯಂ ಫ್ಲೋರೈಡ್ ನಮ್ಮ ಮಾಂಸಕ್ಕೆ ಹತ್ತಿರ, ಅದರ ದೋಷ ಸಣ್ಣದು.

ಎರಡು, ಚಿಪ್ಪನ್ನು ಚರ್ಮದ ಮೇಲೆ ಬರಿದೇ ಇಡಬೇಡಿ. ಯಂತ್ರದ ತಲೆಯಿಂದ, ಗಾಳಿಯಿಂದ ಬರುವ ಎಲೆಕ್ಟ್ರಾನುಗಳು ಮೇಲ್ಮೈಯಲ್ಲಿ ಡೋಸ್ ಉಬ್ಬಿಸುತ್ತವೆ. ಮೇಲೊಂದು ಸೆಂಟಿಮೀಟರ್ ಬೋಲಸ್ (ಮಾಂಸಕ್ಕೆ ಸಮನಾದ ಪದರ) ಹೊದಿಸಿದರೆ ಒಳಗಿನ ಅಂಗಕ್ಕೆ ಹತ್ತಿರದ ಅಂಕಿ ಬರುತ್ತದೆ. ಎರಡು ಮೂರು ಚಿಪ್ಪು ಇಡಿ; ಒಂದೇ ಚಿಪ್ಪಿನ ಓದಿಗೆ ನಾನು ಸಹಿ ಹಾಕುವುದಿಲ್ಲ.

5. ಚಿಪ್ಪು ಇಡುವುದು ಯಾರು

ಇದನ್ನು ಯಾವ ಪ್ರೋಟೋಕಾಲೂ ಬರೆಯುವುದಿಲ್ಲ. ಆಪರೇಷನ್ ಆಗಿ ಎರಡು ದಿನದ ಹುಡುಗ, ಕ್ಯಾಥೆಟರ್ ಹಾಕಿದ್ದಾರೆ, ಕಾಲು ಅಲ್ಲಾಡಿಸಿದರೆ ನೋವು. ಸ್ಟ್ರೆಚರ್ ಸುತ್ತ ಅಣ್ಣ, ಮಾವ, ವಾರ್ಡಿನ ಆಯಾ. ಮೊದಲು ಎಲ್ಲರನ್ನೂ ಹೊರಗೆ ಕಳಿಸಿ, ಏನು ಮಾಡುತ್ತೇವೆ, ಯಾಕೆ ಎಂದು ಎರಡು ಮಾತಲ್ಲಿ ಹೇಳಿ. ಚಿಪ್ಪುಗಳನ್ನು ನಂಬರ್ ಬರೆದ ಸಣ್ಣ ಪಾಲಿಥೀನ್ ಪೊಟ್ಟಣದಲ್ಲಿ ಹಾಕಿ ಅವನ ಕೈಗೇ ಕೊಟ್ಟರೆ ಹೆಚ್ಚಿನವರು ತಾವೇ ಇಟ್ಟುಕೊಳ್ಳುತ್ತಾರೆ. ಆಮೇಲೆ ಟೇಪ್ ಹಚ್ಚುವುದಕ್ಕೆ ಒಬ್ಬ ಗಂಡು ಟೆಕ್ನಾಲಜಿಸ್ಟ್ ಸಾಕು.

ಲಂಗೋಟಿ ಬೇಡ. ಬಿಗಿಯಾಗಿ ಕಟ್ಟಿದರೆ ವೃಷಣ ಮೇಲಕ್ಕೆ, ಫೀಲ್ಡಿನ ಕಡೆಗೇ ಬರುತ್ತದೆ. ಚಿಕಿತ್ಸೆಯ ಸೊಂಟದಿಂದ ಆಚೆ ಬದಿಗೆ, ಕೆಳಕ್ಕೆ ಸರಿಸಿ ಅಗಲದ ಟೇಪ್ ಹಾಕಿ. ಹೀಗೆ ಸರಿಸಿದ ಎರಡು ಮೂರು ಸೆಂಟಿಮೀಟರ್‌ಗೆ ಖರ್ಚೇ ಇಲ್ಲ.

6. ಅಂಡಾಶಯ ಹೊರಗಿನಿಂದ ಅಳತೆಗೆ ಸಿಗುವುದಿಲ್ಲ

ಹೆಂಗಸರಲ್ಲಿ ಚಿಪ್ಪು ಇಡುವ ಜಾಗವೇ ಇಲ್ಲ. ಹೊಟ್ಟೆಯ ಮೇಲಿಟ್ಟ ಚಿಪ್ಪು ಹೊಟ್ಟೆಯ ಚರ್ಮದ ಡೋಸ್ ಹೇಳುತ್ತದೆ ಅಷ್ಟೇ. ಅಂಡಾಶಯ ಎಷ್ಟೋ ಸೆಂಟಿಮೀಟರ್ ಆಳದಲ್ಲಿ, ಒಬ್ಬರಲ್ಲಿ ಒಂದು ಕಡೆ, ಇನ್ನೊಬ್ಬರಲ್ಲಿ ಇನ್ನೊಂದು ಕಡೆ. ಮೂತ್ರಕೋಶ ತುಂಬಿದರೆ ಜಾಗ ಬದಲಿಸುತ್ತದೆ. ಸಿಟಿಯಲ್ಲೋ ಅಲ್ಟ್ರಾಸೌಂಡಿನಲ್ಲೋ ಜಾಗ ಗುರುತಿಸಿ, ಅಂಚಿನಿಂದ ದೂರ ಅಳೆದು, ಫ್ಯಾಂಟಮ್ ಕೋಷ್ಟಕದಿಂದ ಅಂಕಿ ತೆಗೆಯಬೇಕು. ಎಡ ಬಲ ಬೇರೆ ಬೇರೆ ಬರೆಯಬೇಕು. ಹತ್ತಿರದ್ದು ಎಷ್ಟು, ದೂರದ್ದು ಎಷ್ಟು ಎಂಬ ವ್ಯತ್ಯಾಸ ಮುಂದೆ ಉಪಯೋಗಕ್ಕೆ ಬರುತ್ತದೆ.

ದೊಡ್ಡ ಅಂಕಿ ಬರುವುದು ಕೆಳಬೆನ್ನಿನ ಹೆಮಾಂಜಿಯೋಮದಲ್ಲಿ. ನೋವಿಗೆ ಕೊಡುವುದು 36ರಿಂದ 40 ಗ್ರೇ. ಅಂಡಾಶಯ ಫೀಲ್ಡಿನ ಅಂಚಿನಿಂದ 5 ಸೆಂ.ಮೀ. ಇದ್ದು 2 ಶೇಕಡಾ ತಗುಲಿದರೂ 720 ಮಿಲಿಗ್ರೇಗೆ ಮುಟ್ಟುತ್ತದೆ. ಗಂಡಸರ ಸೊಂಟದ ಕೇಸಿನ ಎಷ್ಟೋ ಪಟ್ಟು ಇದು. ಆದರೂ ಇಲ್ಲಿ ಅಳತೆಯ ಮಾತು ಎತ್ತುವವರು ಕಡಿಮೆ. ಕಣ್ಣಿಗೆ ಕಾಣದ ಅಂಗ ಎಂಬುದನ್ನು ಬಿಟ್ಟರೆ ನನಗೆ ಬೇರೆ ಕಾರಣ ತೋಚುವುದಿಲ್ಲ. ಹೆಂಗಸಿನ ಅಂಡಗಳು ಹುಟ್ಟುವಾಗಲೇ ಎಣಿಸಿ ಕೊಟ್ಟವು, ಹೊಸದು ಹುಟ್ಟುವುದಿಲ್ಲ. ಅವುಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು 2 ಗ್ರೇಗಿಂತ ಕಡಿಮೆ ಸಾಕು ಎಂದು ವ್ಯಾಲೇಸ್ ಮತ್ತು ಸಂಗಡಿಗರು 2003ರಲ್ಲಿ ಅಂದಾಜಿಸಿದರು. ತಕ್ಷಣ ಬಂಜೆತನ ತರುವ ಡೋಸ್ ಇದಕ್ಕಿಂತ ಬಹಳ ಹೆಚ್ಚು. ಅವರದೇ ಲೆಕ್ಕದಲ್ಲಿ 20ರ ವಯಸ್ಸಿಗೆ 16.5 ಗ್ರೇ, 30ಕ್ಕೆ 14.3. ಆದ್ದರಿಂದ 720 ಮಿಲಿಗ್ರೇ ಬಿದ್ದವಳಿಗೆ ‘ನಿಮಗೆ ಮಕ್ಕಳಾಗುವುದಿಲ್ಲ’ ಎನ್ನುವುದು ಸುಳ್ಳು. ಮುಟ್ಟು ನಿಲ್ಲುವ ಕಾಲ ಸ್ವಲ್ಪ ಮುಂಚೆ ಬರಬಹುದು ಎನ್ನುವುದನ್ನು ಮುಚ್ಚಿಡುವುದೂ ತಪ್ಪು.

ಸಿಸೇರಿಯನ್ ಗಾಯದ ಮೇಲೆ ಬೆಳೆದ ಕೀಲಾಯ್ಡ್ ಇನ್ನೊಂದು. ಗಾಯ ಇರುವುದು ಅಂಡಾಶಯದ ಮೇಲ್ಗಡೆಯೇ. ಫೋಟಾನ್ ಕೊಟ್ಟರೆ ನೇರವಾಗಿ ಒಳಗಿಳಿಯುತ್ತದೆ. 6 ಎಂಇವಿ ಎಲೆಕ್ಟ್ರಾನ್ ಆದರೆ ಮೂರು ಸೆಂಟಿಮೀಟರಿನಲ್ಲಿ ನಿಂತುಹೋಗುತ್ತದೆ, ಆಮೇಲೆ ಉಳಿಯುವುದು ಎಕ್ಸ್-ರೇಯ ಬಾಲ ಮಾತ್ರ, ಅದು ಒಂದು ಶೇಕಡಾಕ್ಕಿಂತ ಕಡಿಮೆ. ಒಟ್ಟು 15 ಗ್ರೇ ಕೊಟ್ಟರೆ ಅಂಡಾಶಯಕ್ಕೆ 150 ಮಿಲಿಗ್ರೇ ಒಳಗೆ. ಆದರೂ ಸ್ಟಿರಾಯ್ಡ್ ಇಂಜೆಕ್ಷನ್, ಸಿಲಿಕೋನ್ ಹಾಳೆ ಮೊದಲು ಆಗಿವೆಯೇ ಎಂದು ನಾನು ಕೇಳುತ್ತೇನೆ. ಫಿಸಿಸಿಸ್ಟ್ ಕೇಳುವ ಪ್ರಶ್ನೆ ಅಲ್ಲ ಎಂದು ಮುಖ ಸಿಂಡರಿಸಿದವರೂ ಇದ್ದಾರೆ.

ಇದೇ ಹೆಂಗಸರ ವಿಷಯದಲ್ಲಿ ಒಂದು ಎಚ್ಚರ. ‘ಕೊನೆಯ ಮುಟ್ಟು ಯಾವಾಗ?’ ಎಂದು ಕೇಳಿ ಫಾರಂ ತುಂಬುವುದು ಪದ್ಧತಿ. ಮಗುವಿಗೆ ಎದೆಹಾಲು ಕುಡಿಸುತ್ತಿರುವವಳಿಗೆ ಮುಟ್ಟೇ ಬಂದಿರುವುದಿಲ್ಲ. ‘ಬಾಣಂತನ ಆದ್ಮೇಲೆ ಇನ್ನೂ ಆಗಿಲ್ಲ ಸಾರ್’ ಎನ್ನುತ್ತಾಳೆ. ಅದರಿಂದ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಮುಟ್ಟು ಮರಳುವ ಮುಂಚೆಯೂ ಬಸಿರಾಗಬಹುದು. ಮೂತ್ರ ಪರೀಕ್ಷೆ ಮಾಡಿಸಿಯೇ ಮುಂದುವರಿಯಬೇಕು. ಪ್ರಶ್ನೆಯನ್ನು ಅತ್ತೆಯ ಎದುರು ಕೇಳಬಾರದು. ಹೆಣ್ಣು ಸ್ಟಾಫ್ ಒಳಗೆ ಕರೆದುಕೊಂಡು ಹೋಗಿ ಕೇಳಿದರೆ ಬರುವ ಉತ್ತರವೇ ಬೇರೆ.

7. ಸೀಸಕ್ಕಿಂತ ಮುಂಚೆ ಕೋನ

ಡೋಸ್ ಇಳಿಸುವುದು ಎಂದ ಕೂಡಲೇ ಸೀಸದ ಕಡೆ ಓಡುತ್ತಾರೆ. ದುಡ್ಡಿಲ್ಲದೆ ಇಳಿಸುವ ದಾರಿಗಳು ಮೊದಲು. ಹಿಮ್ಮಡಿಗೆ ಕಿರಣ ಪಕ್ಕದಿಂದ ಅಡ್ಡ ಹಾಯಲಿ, ಕಾಲಿನ ಉದ್ದಕ್ಕೆ ಸೊಂಟದ ಕಡೆ ಹಾಯದಿರಲಿ. ಫೀಲ್ಡನ್ನು ಬೇಕಾದಷ್ಟಕ್ಕೆ ಕತ್ತರಿಸಿ. ಲೋಹದ ವೆಜ್ ಚದುರುವಿಕೆ ಹೆಚ್ಚಿಸುತ್ತದೆ, ಡೈನಾಮಿಕ್ ವೆಜ್ ಇದ್ದರೆ ಅದನ್ನೇ ಬಳಸಿ. 15 ಎಂವಿ ಬೇಡ; ನ್ಯೂಟ್ರಾನ್ ಹುಟ್ಟುತ್ತದೆ, 6 ಎಂವಿಯಲ್ಲಿ ಆ ತಲೆನೋವು ಇಲ್ಲ.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಚೀಟಿಯಲ್ಲೇ ಇದೆ. ಹಿಮ್ಮಡಿ ನೋವಿಗೆ ಹಿಂದೆ ಸಲಕ್ಕೆ 1 ಗ್ರೇಯಂತೆ ಆರು ಸಲ ಕೊಡುತ್ತಿದ್ದರು. ಜರ್ಮನಿಯ ಎರ್ಲಾಂಗನ್‌ನಲ್ಲಿ ಅದನ್ನು ಸಲಕ್ಕೆ 0.5 ಗ್ರೇಯೊಂದಿಗೆ ಹೋಲಿಸಿ ನೋಡಿದಾಗ ನೋವು ಇಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಗೆ ವೃಷಣದ ಡೋಸೂ ಅರ್ಧಕ್ಕೆ ಇಳಿಯಿತು, ಯಾವ ಸೀಸವೂ ಇಲ್ಲದೆ. ಹಾಗೆಂದು ಇಳಿಸುತ್ತಲೇ ಹೋಗುವಂತಿಲ್ಲ. ಸಲಕ್ಕೆ 0.1 ಗ್ರೇ ಕೊಟ್ಟ ಜರ್ಮನಿಯ ಇನ್ನೊಂದು ಪ್ರಯೋಗದಲ್ಲಿ ಫಲ ಸ್ಪಷ್ಟವಾಗಿ ಕಡಿಮೆ ಇತ್ತು.

8. ಸೀಸದ ಬಟ್ಟಲು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಇಲ್ಲ

ವೃಷಣವನ್ನು ಸುತ್ತುವರಿಯುವ, ಎರಡು ಹೋಳಾಗಿ ತೆರೆಯುವ ಸೀಸದ ಬಟ್ಟಲನ್ನು ವೃಷಣದ ಸೆಮಿನೋಮ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಸುತ್ತಾರೆ. ಫ್ರಾಸ್ ಮತ್ತು ಜೊತೆಗಾರರು 1985ರಲ್ಲಿ ಅಳೆದಾಗ ಅದು ಡೋಸನ್ನು ಮೂರರಿಂದ ಹತ್ತು ಪಟ್ಟು ಇಳಿಸಿತು. ಸೊಂಟದ ಕೇಸಿನಲ್ಲಿ ಇದು ಸಾರ್ಥಕ. ಒಳಗೋಡೆಗೆ ಮೇಣ ಬಳಿದಿರಬೇಕು, ಇಲ್ಲದಿದ್ದರೆ ಸೀಸದಿಂದಲೇ ಹೊರಡುವ ಎಲೆಕ್ಟ್ರಾನುಗಳು ಚರ್ಮಕ್ಕೆ ತಾಗುತ್ತವೆ. ಭಾರವೂ ಇದೆ, ನೋವಿರುವವನ ತೊಡೆಯ ಮೇಲೆ ಕೂರಿಸದೆ ಆಧಾರ ಕೊಟ್ಟು ನಿಲ್ಲಿಸಬೇಕು.

ಅಂಡಾಶಯಕ್ಕೆ ಹೊಟ್ಟೆಯ ಮೇಲೆ ಸೀಸ ಪೇರಿಸುವುದು ಮನೆಯೊಳಗೇ ಹೊಗೆ ಎದ್ದಾಗ ಕಿಟಕಿಗೆ ಪರದೆ ಎಳೆದ ಹಾಗೆ. ಮೈಯೊಳಗೆ ಚದುರಿ ಬರುವುದನ್ನು ಹೊರಗಿನ ಸೀಸ ತಡೆಯುವುದಿಲ್ಲ. ಫೀಲ್ಡ್ ದೂರ ಇದ್ದು ಯಂತ್ರದ ಸೋರಿಕೆಯೇ ಮುಖ್ಯವಾದಾಗ ಮಾತ್ರ ಅದರಿಂದ ಏನಾದರೂ ಸಿಗುತ್ತದೆ.

ಎಕ್ಸ್-ರೇ ವಿಭಾಗದ 0.5 ಮಿ.ಮೀ. ಏಪ್ರನ್ ತಂದು ಹೊದಿಸುವವರಿದ್ದಾರೆ. ಅರ್ಧ ಎಂಇವಿ ಶಕ್ತಿಯ ಫೋಟಾನುಗಳಲ್ಲಿ ಹತ್ತರಲ್ಲೊಂದು ಪಾಲನ್ನೂ ಅದು ತಡೆಯುವುದಿಲ್ಲ. ರೋಗಿಗೆ ಧೈರ್ಯ ಬರುತ್ತದೆ ಎಂಬ ವಾದ ನನಗೆ ಒಪ್ಪಿಗೆಯಿಲ್ಲ, ಸುಳ್ಳು ಧೈರ್ಯ. ಇನ್ನೊಂದು ತುದಿಯವರೂ ಇದ್ದಾರೆ: ಮಾಮೂಲಿ ಎಕ್ಸ್-ರೇಯಲ್ಲಿ ವೃಷಣಕ್ಕೆ ಸೀಸ ಇಡುವ ಪದ್ಧತಿ ಬಿಡಿ ಎಂದು ಅಮೆರಿಕದ ಅದೇ ಫಿಸಿಸಿಸ್ಟರ ಸಂಘ 2019ರಲ್ಲಿ ಹೇಳಿದ್ದನ್ನು ಹಿಡಿದು ಇಲ್ಲೂ ಬೇಡ ಎನ್ನುವವರು. ಅಲ್ಲಿನ ಡೋಸ್ ಅತ್ಯಲ್ಪ. ಇಲ್ಲಿ ನೂರು ಮಿಲಿಗ್ರೇಯ ಮಾತು.

9. ಫೋಟೋ ತೆಗೆದದ್ದನ್ನೂ ಕೂಡಿಸಿ

ಸೊಂಟ ಸರಿಯಾಗಿ ಕೂತಿದೆಯೇ ಎಂದು ನೋಡಲು ಯಂತ್ರದಲ್ಲೇ ತೆಗೆಯುವ ಕೋನ್‌ಬೀಮ್ ಸಿಟಿ ಒಂದು ಸಲಕ್ಕೆ ಹೊಟ್ಟೆಯ ಕೆಳಭಾಗಕ್ಕೆ 10ರಿಂದ 30 ಮಿಲಿಗ್ರೇ ಕೊಡಬಹುದು. ಅದೂ ವೃಷಣ ಚಿತ್ರದ ಒಳಗೇ ಇದ್ದರೆ ನೇರವಾಗಿ. ಬಟ್ಟಲು ಹಾಕಿ ಚಿಕಿತ್ಸೆಯ ಡೋಸನ್ನು 30 ಮಿಲಿಗ್ರೇಗೆ ಇಳಿಸಿ, ಬಟ್ಟಲು ಹಾಕುವ ಮುಂಚೆ ಎರಡು ಸಲ ಕೋನ್‌ಬೀಮ್ ತೆಗೆದರೆ ಉಳಿಸಿದ್ದರಲ್ಲಿ ದೊಡ್ಡ ಪಾಲು ಅಲ್ಲೇ ಹೋಗಬಹುದು. ಮೂಳೆ ನೋಡುವುದಕ್ಕೆ ಎರಡು ಸಾದಾ ಚಿತ್ರ ಸಾಕು. ಪ್ಲಾನಿಂಗ್ ಸಿಟಿಯ ಉದ್ದವನ್ನೂ ಕತ್ತರಿಸಿ.

10. ಅಂಕಿ ಹೇಳಿದರೆ ಸಾಲದು, ಅದರ ಅರ್ಥ ಹೇಳಬೇಕು

ಪ್ರಶ್ನೆ ಹೆಚ್ಚಾಗಿ ಹುಡುಗನಿಂದ ಬರುವುದಿಲ್ಲ. ಅವನ ತಾಯಿ ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸುತ್ತಾರೆ: ‘ಮುಂದೆ ಮದ್ವೆ ಮಾಡ್ಬೇಕಲ್ಲ ಸಾರ್, ಮಕ್ಳಾಗೋದಕ್ಕೆ ಏನೂ ತೊಂದ್ರೆ ಇಲ್ವಲ್ಲ?’ ಇದರಲ್ಲಿ ಎರಡು ಪ್ರಶ್ನೆಗಳಿವೆ. ಮಕ್ಕಳಾಗುತ್ತವೆಯೇ, ಆಗುವ ಮಕ್ಕಳು ಚೆನ್ನಾಗಿರುತ್ತವೆಯೇ. ಎರಡಕ್ಕೂ ಬೇರೆ ಬೇರೆ ಉತ್ತರ.

ಮೊದಲನೆಯದು. ವೀರ್ಯಾಣು ತಾತ್ಕಾಲಿಕವಾಗಿ ಕುಗ್ಗುವ ಮಟ್ಟವನ್ನು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಹಿಂದೆ 0.15 ಗ್ರೇ ಎಂದಿತ್ತು, 2007ರ ಶಿಫಾರಸಿನಲ್ಲಿ ಸುಮಾರು 0.1 ಗ್ರೇ ಎಂದಿತು. ಶಾಶ್ವತ ಬಂಜೆತನಕ್ಕೆ ಸುಮಾರು 6 ಗ್ರೇ ಬೇಕು. ಸೊಂಟದ ಚಿಕಿತ್ಸೆಯಲ್ಲಿ ನಮ್ಮ ಅಂಕಿ ಈ ಮೊದಲ ಗೆರೆಯ ಸುತ್ತಲೇ ಸುಳಿಯುತ್ತದೆ. ಐದು ಸೆಂಟಿಮೀಟರ್ ಇದ್ದದ್ದು ಎಂಟಾದರೆ ಗೆರೆಯ ಕೆಳಗೆ ಬರುತ್ತದೆ. ಅಳತೆಗೆ ಬೆಲೆ ಬರುವುದು ಇಲ್ಲಿ. ಗೆರೆ ದಾಟಿದರೂ ವೀರ್ಯಾಣು ಕೂಡಲೇ ಇಳಿಯುವುದಿಲ್ಲ, ಏಕೆಂದರೆ ಪೆಟ್ಟು ಬೀಳುವುದು ಬೆಳೆದವುಗಳಿಗಲ್ಲ, ಮೊಳಕೆಯ ಕೋಶಗಳಿಗೆ. ಒಂದು ಸುತ್ತು ಬೆಳೆಯಲು ಸುಮಾರು 74 ದಿನ ಬೇಕು. ಹಾಗಾಗಿ ಮರುವಾರವೇ ಪರೀಕ್ಷೆ ಮಾಡಿಸಿ ‘ಎಲ್ಲ ಸರಿ ಇದೆ’ ಎಂದು ನಿರಾಳವಾಗಬಾರದು. 1 ಗ್ರೇ ಒಳಗೆ ಆದರೆ 9ರಿಂದ 18 ತಿಂಗಳಲ್ಲಿ ಮೊದಲಿನ ಮಟ್ಟಕ್ಕೆ ಮರಳುತ್ತದೆ. ಇನ್ನೊಂದು ಮಾತು: ಬೇರೆ ಅಂಗಗಳಲ್ಲಿ ಡೋಸನ್ನು ಹಲವು ಸಲಕ್ಕೆ ಹಂಚಿದರೆ ಪೆಟ್ಟು ಕಡಿಮೆ. ವೃಷಣದಲ್ಲಿ ತದ್ವಿರುದ್ಧ, ಹಂಚಿ ಕೊಟ್ಟರೆ ಪೆಟ್ಟು ಜಾಸ್ತಿ.

ಈ ಅಂಕಿಗಳು ಎಲ್ಲಿಂದ ಬಂದವು ಎಂದು ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. 1963ರಿಂದ 1973ರವರೆಗೆ ಅಮೆರಿಕದ ಒರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯದ ಜೈಲುಗಳಲ್ಲಿ ನೂರಕ್ಕೂ ಹೆಚ್ಚು ಕೈದಿಗಳ ವೃಷಣಕ್ಕೆ ಬೇಕೆಂದೇ ಎಕ್ಸ್-ರೇ ಹಾಯಿಸಿದರು, ಒರೆಗಾನ್‌ನಲ್ಲಿ 6 ಗ್ರೇವರೆಗೆ. ಕೈದಿಗಳಿಗೆ ದುಡ್ಡು ಕೊಟ್ಟರು, ಕೊನೆಗೆ ಸಂತಾನಹರಣದ ಆಪರೇಷನ್ ಮಾಡಿಸಿದರು. ಒಪ್ಪಿಗೆ ಕೊಟ್ಟರು ಎನ್ನುತ್ತಾರೆ. ಜೈಲಿನಲ್ಲಿದ್ದವನ ಒಪ್ಪಿಗೆ ಎಂಥದು. ಆ ಗ್ರಾಫುಗಳನ್ನು ಇವತ್ತಿಗೂ ನಾವು ಬಳಸುತ್ತೇವೆ. ಬಳಸುವಾಗ ಅವರ ನೆನಪಿರಲಿ.

ಎರಡನೆಯ ಪ್ರಶ್ನೆ, ಮಕ್ಕಳ ಆರೋಗ್ಯ. 1927ರಲ್ಲಿ ಮುಲ್ಲರ್ ಹಣ್ಣಿನ ನೊಣಗಳಲ್ಲಿ ಎಕ್ಸ್-ರೇಯಿಂದ ಆದ ಮಾರ್ಪಾಟು ಮುಂದಿನ ಪೀಳಿಗೆಗೂ ಇಳಿಯುವುದನ್ನು ತೋರಿಸಿದಾಗಿನಿಂದ ಈ ಭಯ ಇದೆ. ಆದರೆ ಹಿರೋಷಿಮಾ ನಾಗಸಾಕಿಯಲ್ಲಿ ಬದುಕುಳಿದವರ ಮಕ್ಕಳಲ್ಲಿ ಅಂಥ ದೋಷಗಳ ಹೆಚ್ಚಳ ಖಚಿತವಾಗಿ ಕಾಣಲಿಲ್ಲ. ನಮ್ಮ ನೆರೆಯ ಕೇರಳದ ಕೊಲ್ಲಂ ಕರಾವಳಿಯ ಮೋನಜೈಟ್ ಮರಳಿನ ಮೇಲೆ ತಲೆಮಾರುಗಳಿಂದ ಬದುಕುತ್ತಿರುವವರ ನವಜಾತ ಶಿಶುಗಳನ್ನು ಬಿಎಆರ್‌ಸಿಯವರು ನೋಡಿದಾಗಲೂ ಕಾಣಲಿಲ್ಲ. ಅದಕ್ಕೇ ಆಯೋಗ ಜನನಗ್ರಂಥಿಗಳಿಗೆ ಕೊಡುವ ತೂಕ 1977ರಲ್ಲಿ 0.25 ಇದ್ದದ್ದು, 1990ರಲ್ಲಿ 0.20 ಆಗಿ, 2007ರಲ್ಲಿ 0.08ಕ್ಕೆ ಇಳಿಯಿತು. ಅದರ ಇಂದಿನ ಅಂದಾಜಿನಂತೆ 100 ಮಿಲಿಗ್ರೇಗೆ ಹೆಚ್ಚುವ ಆನುವಂಶಿಕ ಅಪಾಯ ಹತ್ತು ಸಾವಿರಕ್ಕೆ ಎರಡು. ಯಾವ ಕಿರಣವೂ ಇಲ್ಲದೆ ಹುಟ್ಟುವ ಮಕ್ಕಳಲ್ಲೇ ನೂರಕ್ಕೆ ಎರಡು ಮೂರರಲ್ಲಿ ಏನಾದರೊಂದು ದೋಷ ಇರುತ್ತದೆ.

ಆ ತಾಯಿಗೆ ಇಷ್ಟೆಲ್ಲ ಹೇಳುವುದಿಲ್ಲ. ‘ಮಕ್ಳಾಗುತ್ತೆ ಅಮ್ಮ. ಕೆಲವು ತಿಂಗಳು ವೀರ್ಯ ಕಡಿಮೆ ಆಗಬಹುದು, ಆಮೇಲೆ ಸರಿಹೋಗುತ್ತೆ. ಆರು ತಿಂಗಳಿಂದ ಒಂದು ವರ್ಷ ತಡೆದರೆ ಒಳ್ಳೇದು’ ಎನ್ನುತ್ತೇನೆ. ಹುಡುಗನಿಗೆ ಒಳಗೆ ಕೂರಿಸಿಕೊಂಡು ಪೂರ್ತಿ ಹೇಳುತ್ತೇನೆ. ವೀರ್ಯ ಶೇಖರಿಸಿಡುವ ಮಾತು ಬಂದರೆ ಅದು ಆಪರೇಷನ್ನಿಗೆ ಮುಂಚೆಯೇ ಬರಬೇಕು. ಆದ ಮೇಲೆ ಆ ಸ್ಥಿತಿಯಲ್ಲಿ ಸ್ಯಾಂಪಲ್ ಕೇಳುವುದು ಕ್ರೌರ್ಯ.

11. ಬೇಡ ಎನ್ನುವ ಹಕ್ಕು ಅಳತೆಗೂ ಇದೆ

ಸೊಂಟದಲ್ಲಿ ಮೂಳೆ ಬೆಳೆಯದಂತೆ ತಡೆಯಲು ಇಂಡೋಮೆಥಾಸಿನ್ ಮಾತ್ರೆ ಇದೆ, ದಿನಕ್ಕೆ 25 ಮಿಲಿಗ್ರಾಂನಂತೆ ಮೂರು ಸಲ, ಕೆಲವು ವಾರ. ಹೊಟ್ಟೆ ಉರಿ, ಕಿಡ್ನಿ, ಮುರಿದ ಮೂಳೆ ಕೂಡದಿರುವ ಭಯ ಅದರ ತೊಂದರೆಗಳು. ಮಾತ್ರೆ ತೆಗೆದುಕೊಳ್ಳಬಲ್ಲ ಇಪ್ಪತ್ತೆರಡರ ಹುಡುಗನಿಗೆ, ವೃಷಣ ಸರಿಸಲೂ ಬಟ್ಟಲು ಹಾಕಲೂ ಆಗದ ಸ್ಥಿತಿಯಿದ್ದು ಅಂದಾಜು 200 ಮಿಲಿಗ್ರೇ ದಾಟುವುದಾದರೆ, ನಾನು ಡಾಕ್ಟರಿಗೆ ಆ ಅಂಕಿಯನ್ನು ಬರೆದು ಕೊಟ್ಟು ಮಾತ್ರೆಯನ್ನು ಯೋಚಿಸಲು ಹೇಳುತ್ತೇನೆ. ನಿರ್ಧಾರ ಅವರದು. ಬಾಯಿಮಾತಲ್ಲಿ ಹೇಳಿದರೆ ಮರೆಯುತ್ತದೆ, ಕಾಗದದಲ್ಲಿದ್ದರೆ ಯೋಚಿಸುತ್ತಾರೆ.

12. ಕಡತದಲ್ಲಿ ಏನಿರಬೇಕು

ಸ್ಪಾಂಡಿಲೈಟಿಸ್ ರೋಗಿ ಇನ್ನೊಂದು ಸೊಂಟಕ್ಕೆ ಮತ್ತೆ ಬರುತ್ತಾನೆ, ಬಹುಶಃ ಬೇರೆ ಊರಿನ ಆಸ್ಪತ್ರೆಗೆ. ‘ಗೊನಾಡ್ ಡೋಸ್ ಮಿತಿಯೊಳಗೆ’ ಎಂದು ಬರೆದ ಡಿಸ್ಚಾರ್ಜ್ ಸಮ್ಮರಿ ಅಲ್ಲಿನವರಿಗೆ ಪ್ರಯೋಜನವಿಲ್ಲ; ಯಾವ ಮಿತಿ, ಯಾರ ಮಿತಿ? ಫೀಲ್ಡಿನ ಅಳತೆ, ಅಂಚಿನಿಂದ ಅಂಗಕ್ಕೆ ದೂರ, ಕಿರಣದ ಶಕ್ತಿ, ಚಿಪ್ಪಿನ ವಸ್ತು, ಮೇಲೆ ಬೋಲಸ್ ಇತ್ತೇ, ಇಮೇಜಿಂಗ್ ಎಷ್ಟು ಸಲ, ಓದಿದ ಮಿಲಿಗ್ರೇ ಮತ್ತು ಅದರ ಅನಿಶ್ಚಿತತೆ. ಅಂದಾಜು ಆದರೆ ಅಂದಾಜು ಎಂದೇ ಬರೆಯಿರಿ, ಅಳೆದದ್ದಾದರೆ ಅಳೆದದ್ದು ಎಂದು. ರೋಗಿಯ ಕೈಗೆ ಕೊಡುವ ಪ್ರತಿಯಲ್ಲಿ ಕನ್ನಡದಲ್ಲಿ ಒಂದು ಸಾಲು ಸೇರಿಸಿ. ಬಟ್ಟಲು ಹಾಕಿದ್ದರೆ ಒಳಗಿನ ಚಿಪ್ಪು, ಹೊರಗಿನ ಚಿಪ್ಪು ಎರಡರ ಓದೂ ಇರಲಿ; ಒಂದನ್ನೇ ಬರೆದರೆ ಅದು ಯಾವುದೆಂದು ಮುಂದಿನವರಿಗೆ ಗೊತ್ತಾಗುವುದಿಲ್ಲ.